ಶೇಂಗಾ ಯಂತ್ರಕ್ಕೆ ತೋಳು ಹಚ್ಚಿದ ಮಳೆಗಾಲ

ಈಚೆಗೆ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರಾಲಿಯ ತುಂಬ ಆಗತಾನೆ ಕಿತ್ತ ಶೇಂಗಾ ಬಳ್ಳಿ. ಬೇರಿಗೆ ಹಸಿ ಮಣ್ಣು ಇನ್ನೂ ಅಂಟಿಕೊಂಡಿತ್ತು. ಹುರಿದ ಶೇಂಗಾದ ವಾಸನೆ ಎಲ್ಲರಿಗೂ ಗೊತ್ತು. ಹಸಿ ಬಳ್ಳಿಯ ವಾಸನೆ ಬೇರೆ: ಸ್ವಲ್ಪ ಒಗರು, ಸ್ವಲ್ಪ ಸಿಹಿ, ಅದರ ಕೆಳಗೆ ಮಣ್ಣು. ಅದಕ್ಕೆ ಡೀಸೆಲ್ ಹೊಗೆ ಸೇರಿತೆಂದರೆ ನನಗೆ ದಾವಲಸಾಬರ ವರ್ಕ್‌ಶಾಪಿನಲ್ಲಿ ನಾನು ಕಳೆದ ಆ ಒಂದು ಮಳೆಗಾಲ ನೆನಪಾಗುತ್ತದೆ. ಬಸ್ಸು ಬಂತು, ಹತ್ತಿ ಕುಳಿತೆ. ಹುಬ್ಬಳ್ಳಿ ಮುಟ್ಟುವವರೆಗೆ ಬೇರೆ ಯಾವುದನ್ನೂ ಯೋಚಿಸಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡುವ ಕೆಲಸದಲ್ಲಿದ್ದೆ. ಆ ವಿಭಾಗವನ್ನು ಅವರು ಪುಣೆಗೆ ಸ್ಥಳಾಂತರಿಸಿದರು. ನಾನು ಪುಣೆಗೆ ಹೋಗಲಿಲ್ಲ. ಬೆಟಗೇರಿಯ ಮನೆಗೆ ಬಂದೆ. ಮನೆಯಲ್ಲಿ ಅವ್ವ ಸೀರೆ ನೇಯುತ್ತಿದ್ದಳು. ಮಗ್ಗದ ಸದ್ದಿನ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿ ಇಲ್ಲಿ ಅರ್ಜಿ ಹಾಕುತ್ತಿದ್ದೆ. ಬೇಸಿಗೆಯ ಕೊನೆ; ಮುಂಗಾರಿಗೆ ಮುಂಚಿನ ಮೊದಲ ಅಡ್ಡಮಳೆ ಬಂದು ಹೋಗಿತ್ತು. ಒಂದು ದಿನ ಮಧ್ಯಾಹ್ನ ಬಿಳಿ ಗಡ್ಡದ, ಎತ್ತರದ ಮನುಷ್ಯರೊಬ್ಬರು ಬಾಗಿಲಲ್ಲಿ ನಿಂತು ಚಪ್ಪಲಿ ಬಿಟ್ಟರು. ಗದಗಿನ ಕೈಗಾರಿಕಾ ಪ್ರದೇಶದಲ್ಲಿ ಟ್ರಾಲಿ, ನೇಗಿಲು, ಕುಂಟೆ ಮಾಡುವ ದಾವಲಸಾಬ್ ಎಂದು ತಮ್ಮನ್ನು ತಾವೇ ಪರಿಚಯಿಸಿಕೊಂಡರು.

"ನಿಮ್ಮ ಮಗಳು ಯಂತ್ರದ ಚಿತ್ರಾ ತಗೀತಾಳಂತಲ್ರಿ," ಎಂದು ಅವ್ವನನ್ನು ಕೇಳಿದರು. "ನನ್ನ ತಲ್ಯಾಗ ಒಂದು ಯಂತ್ರ ಐತಿ. ಅದನ್ನ ಹಾಳಿ ಮ್ಯಾಲ ಇಳಸಬೇಕಾಗೈತಿ."

ಅವ್ವ ಮಗ್ಗ ನಿಲ್ಲಿಸಿ, "ತಲ್ಯಾಗ ಅಷ್ಟ ಐತೇನ್ರಿ, ಹೊರಗೂ ಐತಿ?" ಎಂದಳು.

"ಹೊರಗ ಎರಡು ಅದಾವ್ರಿ. ಒಂದರಂಗ ಒಂದಿಲ್ಲ. ಅದ ತ್ರಾಸ ಆಗೈತಿ."

ತೊಂದರೆ ಏನೆಂದು ಅವರು ಕುಳಿತು ವಿವರಿಸಿದರು. ನಮ್ಮ ಕಡೆ ಶೇಂಗಾ ಕಿತ್ತ ಮೇಲೆ ಬಳ್ಳಿಯಿಂದ ಕಾಯಿ ಹರಿಯುವುದು ಹೆಣ್ಣುಮಕ್ಕಳ ಕೆಲಸ. ಹೊಲದ ಬದುವಿನಲ್ಲಿ ಕುಳಿತು ಹಿಡಿ ಹಿಡಿಯಾಗಿ ಹರಿಯುತ್ತಾರೆ. ದಾವಲಸಾಬರು ಅದಕ್ಕೊಂದು ಯಂತ್ರ ಮಾಡಿದ್ದರು. ಹಲ್ಲುಗಳಿರುವ ಕಬ್ಬಿಣದ ಡ್ರಮ್ ತಿರುಗುತ್ತದೆ. ಅದರ ಬಾಯಿಯ ಮುಂದೆ ಕುಳಿತವರು ಬಳ್ಳಿಯ ತುದಿಯನ್ನು ಕೈಯಲ್ಲಿ ಹಿಡಿದು, ಕಾಯಿ ಇರುವ ಕಡೆಯನ್ನು ಒಳಗೆ ಕೊಡಬೇಕು. ಹಲ್ಲು ಕಾಯಿಯನ್ನು ಉದುರಿಸುತ್ತದೆ, ಬಳ್ಳಿ ಕೈಯಲ್ಲೇ ಉಳಿಯುತ್ತದೆ. ಮುಂಡರಗಿಯ ಕಡೆಯ ರೈತರ ಸಂಘವೊಂದು ಅದನ್ನು ನೋಡಿ, ಹಿಂಗಾರಿಗೆ ಮೊದಲು, ಮುಂಗಾರಿ ಶೇಂಗಾ ಕೀಳುವ ಹೊತ್ತಿಗೆ ಇಪ್ಪತ್ತು ಬೇಕು ಎಂದಿತ್ತು. ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತು ಯಂತ್ರ ಬಡಿದು ಮಾಡಲಾಗುವುದಿಲ್ಲ. ತಗಡು ಹುಬ್ಬಳ್ಳಿಯಲ್ಲಿ ಕತ್ತರಿಸಬೇಕು, ದಂಡ ಗದಗಿನ ಲೇತಿನವರು ತಿರುವಬೇಕು, ಜರಡಿ ಇನ್ನೊಬ್ಬರು ಮಾಡಬೇಕು. ಎಲ್ಲರೂ ಕೇಳುವುದು ಒಂದೇ: ಡ್ರಾಯಿಂಗ್ ಎಲ್ಲಿ? ಸಂಘದವರು ಅದರ ಜೊತೆಗೆ, ಯಂತ್ರ ನಡೆಸುವ ಕ್ರಮ ಬರೆದ ಪುಸ್ತಕವೂ ಬೇಕು ಎಂದಿದ್ದರು.

ಮರುದಿನ ನಾನು ಹೋದೆ.

ವರ್ಕ್‌ಶಾಪಿಗೆ ಮೂರು ಕಡೆ ಗೋಡೆ, ಮೇಲೆ ತಗಡು. ಗಾಳಿ ಬೀಸಿದರೆ ಅದು ದಡದಡ ಬಡಿದುಕೊಳ್ಳುತ್ತಿತ್ತು. ಗದಗಿನ ಗಾಳಿ ಮಳೆಗಿಂತ ಮೊದಲೇ ಬರುತ್ತದೆ. ದೂರದಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಇಡೀ ದಿನ ತಿರುಗುತ್ತಿದ್ದವು. ಮುಂದಿನ ರಸ್ತೆ ಎರೆಮಣ್ಣಿನದು. ಒಂದು ಮಳೆ ಬಿದ್ದರೆ ಚಪ್ಪಲಿ ಕಾಲಿಗೆ ಬರುತ್ತಿರಲಿಲ್ಲ, ಮಣ್ಣಿನಲ್ಲೇ ಉಳಿಯುತ್ತಿತ್ತು. ನಾವು ಯಂತ್ರವನ್ನು ಬಿಚ್ಚಿ ಒಂದೊಂದೇ ಭಾಗವನ್ನು ಕಟ್ಟೆಯ ಮೇಲಿಟ್ಟು ಅಳೆಯತೊಡಗಿದೆವು. ಎಡಗಡೆಯ ತಗಡಿಗೂ ಬಲಗಡೆಯ ತಗಡಿಗೂ ಹೊಂದಾಣಿಕೆ ಇರಲಿಲ್ಲ. ತೂತುಗಳಂತೂ ಎಲ್ಲೆಂದರಲ್ಲಿ ಇದ್ದವು.

"ಚಾಚಾ, ಈ ತೂತು ಯಾತಕ್ರಿ?"

"ಅದು ತಪ್ಪಿ ಬಿದ್ದದ್ದು."

"ಇದು?"

"ಅದು ತಪ್ಪಿದ್ದನ್ನ ಸರಿ ಮಾಡಾಕ ಹಾಕಿದ್ದು."

ಹೀಗೆ ನಡೆಯಿತು. ಯಾವುದು ಬೇಕೆಂದು ಮಾಡಿದ್ದು, ಯಾವುದು ಆ ದಿನ ಕೈಗೆ ಸಿಕ್ಕ ಕಬ್ಬಿಣದಿಂದಾಗಿ ಹಾಗಾಯಿತು ಎಂದು ಬೇರ್ಪಡಿಸುವುದೇ ನನ್ನ ಕೆಲಸವಾಯಿತು. ದಾವಲಸಾಬರಿಗೆ ಸಿಟ್ಟು ಬರುತ್ತಿರಲಿಲ್ಲ, ಆದರೆ ಬೇಸರವಾಗುತ್ತಿತ್ತು. ನಲವತ್ತು ವರ್ಷ ಅವರು ಕಬ್ಬಿಣವನ್ನು ಕೂಡಿಸಿ ನೋಡಿ, ಕೂಡದಿದ್ದರೆ ತಿಕ್ಕಿ, ತಿಕ್ಕಿದರೂ ಕೂಡದಿದ್ದರೆ ಬಡಿದು ಕೆಲಸ ಮಾಡಿದವರು. ಡ್ರಾಯಿಂಗಿನಲ್ಲಿ 'ಕೂಡಿಸಿ ನೋಡಿ' ಎಂದು ಬರೆಯುವಂತಿಲ್ಲ. ಅದನ್ನು ಹಿಡಿದು ತಗಡು ಕತ್ತರಿಸುವವನು ಯಂತ್ರವನ್ನೇ ನೋಡಿರುವುದಿಲ್ಲ. ನಮ್ಮನ್ನು ಕೇಳಲು ಬರುವುದೂ ಇಲ್ಲ.

ಪ್ರತಿ ಅಳತೆಗೂ ನಾನು ಕೇಳುತ್ತಿದ್ದೆ, "ಇದರಾಗ ಎಷ್ಟು ಹೆಚ್ಚುಕಮ್ಮಿ ಆದ್ರ ನಡೀತೈತ್ರಿ?"

"ಒಂದು ಕೂದಲೆಳಿ."

"ಯಾರ ಕೂದಲ್ರಿ?"

ಅವರು ಮೊದಲ ಬಾರಿ ನಕ್ಕರು. "ನಿನ್ನ ಜೋಡಿ ಮಾತಾಡಾಕ ಬರೂದಿಲ್ಲ ನೋಡು. ಬರಿ, ಅರ್ಧ ಮಿಲಿಮೀಟರ್ ಬರಿ."

ಜೂನ್ ಹೊತ್ತಿಗೆ ಹಾಳೆಗಳು ಹೆಚ್ಚುಕಡಿಮೆ ಸಿದ್ಧವಾದವು. ಬಿಡಿಭಾಗಗಳ ಡ್ರಾಯಿಂಗು, ಅವನ್ನು ಜೋಡಿಸುವ ಕ್ರಮದ ಡ್ರಾಯಿಂಗು, ಯಾವ ಬೋಲ್ಟು ಎಲ್ಲಿ ಎಂಬ ಪಟ್ಟಿ. ಬೆಟಗೇರಿಯ ಮನೆಯಲ್ಲಿ ಅವ್ವ ಒಮ್ಮೆ ಬಗ್ಗಿ ಪರದೆ ನೋಡಿ, "ನಕ್ಷಿ ಚಂದ ಬಂದೈತಿ, ಸೆರಗಿಗೆ ಹಾಕಬಹುದು," ಎಂದಳು. ಹುಬ್ಬಳ್ಳಿಗೆ ಕಳಿಸುವ ಮೊದಲು ಕೊನೆಯದಾಗಿ ಒಮ್ಮೆ ಹೊಲದಲ್ಲಿ ನಡೆಸಿ ನೋಡೋಣ ಎಂದು ದಾವಲಸಾಬರು ಹೇಳಿದರು. ಶಿಗ್ಲಿಯಲ್ಲಿ ಒಬ್ಬ ರೈತರು ಕೊಳವೆಬಾವಿ ನೀರಿನ ಮೇಲೆ ತಡವಾಗಿ ಹಾಕಿದ ಬೇಸಿಗೆ ಶೇಂಗಾ ಆಗತಾನೆ ಕೀಳುತ್ತಿದ್ದರು. ಯಂತ್ರವನ್ನು ಮತ್ತೆ ಜೋಡಿಸಿ, ಟೆಂಪೋದಲ್ಲಿ ಹೇರಿಕೊಂಡು ಅಲ್ಲಿಗೆ ಹೋದೆವು.

ಕಾಯಿ ಹರಿಯುವ ಹೆಣ್ಣುಮಕ್ಕಳ ತಂಡಕ್ಕೆ ಗಂಗವ್ವ ಎಂಬ ಗಟ್ಟಿ ದನಿಯ ಹೆಂಗಸು ಮುಂದಾಳು. ಐವತ್ತು ದಾಟಿದ ವಯಸ್ಸು. ಯಾರು ಎಲ್ಲಿ ಕೂರಬೇಕು, ಯಾವಾಗ ನೀರು ಕುಡಿಯಬೇಕು ಎಂಬುದೆಲ್ಲ ಅವರ ಮಾತಿನ ಮೇಲೆ. ಅವರು ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿದರು. ಅವರ ಪಕ್ಕದ ಮನೆಯ ಶಾಂತವ್ವ, ಮದುವೆಯಾಗಿ ಬಹಳ ದಿನ ಆಗಿರದ ಹುಡುಗಿ, ತಾನು ಕೂರುತ್ತೇನೆಂದು ಮುಂದೆ ಬಂದಳು.

ಮೊದಲ ತಾಸು ಚೆನ್ನಾಗಿಯೇ ನಡೆಯಿತು. ಕಾಯಿ ಜರಡಿಯಿಂದ ಬುಟ್ಟಿಗೆ ಸುರಿಯುತ್ತಿದ್ದುದನ್ನು ನೋಡಲು ಬೇರೆ ಹೊಲದವರೂ ಬಂದು ನಿಂತರು. ಆಮೇಲೆ ಮಳೆ ಜಿಟಿಜಿಟಿ ಹಿಡಿಯಿತು. ಬಳ್ಳಿ ತೊಯ್ದಿತು. ತೊಯ್ದ ಬಳ್ಳಿ ಕಾಯಿ ಉದುರಿಸುವ ಬದಲು ಹಲ್ಲಿಗೆ ಸುತ್ತಿಕೊಳ್ಳುತ್ತದೆ. ಒಂದು ಹಿಡಿ ಹಾಗೆ ಸುತ್ತಿಕೊಂಡಿತು. ಅದರ ಇನ್ನೊಂದು ತುದಿ ಶಾಂತವ್ವನ ಮಣಿಕಟ್ಟಿಗೂ ಬಳೆಗೂ ಸಿಕ್ಕಿಕೊಂಡಿತ್ತು. ಅವಳ ಕೈ ಒಳಗೆ ಹೋದದ್ದನ್ನು ನಾನು ನೋಡಿದೆ. ಕೂಗು ಕೇಳಿಸಿದ್ದು ಆಮೇಲೆ. ಗಂಗವ್ವ ಅವಳನ್ನು ಸೊಂಟಕ್ಕೆ ಹಿಡಿದು ಹಿಂದಕ್ಕೆ ಎಳೆದರು. ದಾವಲಸಾಬರು ಓಡಿ ಎಂಜಿನ್ ನಿಲ್ಲಿಸಿದರು.

ಎಲುಬು ಮುರಿದಿರಲಿಲ್ಲ. ಎರಡು ಬೆರಳಿನ ಉಗುರು ಹೋಗಿ, ಅಂಗೈಯ ಚರ್ಮ ಸೀಳಿತ್ತು. ಲಕ್ಷ್ಮೇಶ್ವರದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಡಾಕ್ಟರು, ಬೆರಳು ಉಳಿಯುತ್ತವೆ, ಆದರೆ ಈ ಮಳೆಗಾಲದಲ್ಲಿ ಆ ಕೈಯಿಂದ ಕೆಲಸವಿಲ್ಲ ಎಂದರು.

ವಾಪಸು ಬರುವಾಗ ಟೆಂಪೋದಲ್ಲಿ ಕಳಸಾಪುರದ ದಾರಿ ಬಂದಾಗ ದಾವಲಸಾಬರು, "ತೊಯ್ದ ಬಳ್ಳಿ ಕೊಡಬಾರದಾಗಿತ್ತು," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಬಳಿ ತಗದು ಕುಂಡ್ರಬೇಕಾಗಿತ್ತು," ಎಂದರು.

ಮರುದಿನ ವರ್ಕ್‌ಶಾಪಿನಲ್ಲಿ ಅವರು, ಇವತ್ತೇ ಹುಬ್ಬಳ್ಳಿಗೆ ಡ್ರಾಯಿಂಗ್ ಕಳಿಸಿಬಿಡು ಎಂದಾಗ, ಕಳಿಸುವುದಿಲ್ಲ ಎಂದೆ. ಯಂತ್ರದ ಬಾಯಿ ಬಹಳ ಅಗಲವಾಗಿದೆ, ಅದನ್ನು ಬದಲಿಸಬೇಕು. ಬಾಯಿ ಬದಲಾದರೆ ಮುಚ್ಚಳ ಬದಲಾಗುತ್ತದೆ, ಮುಚ್ಚಳ ಬದಲಾದರೆ ಚೌಕಟ್ಟು. ಹಾಳೆಗಳೆಲ್ಲ ಹೊಸದಾಗಿ ಆಗಬೇಕು.

"ಸುಗ್ಗಿ ನಿಮ್ಮ ಹಾಳಿ ಸಲುವಾಗಿ ಕಾಯ್ತೈತೇನು?" ಎಂದರು. ಅದುವರೆಗೆ ನನಗೆ 'ನೀನು' ಎನ್ನುತ್ತಿದ್ದವರು ಆ ದಿನ 'ನೀವು' ಎಂದರು. "ಬಾಯಿ ಸಣ್ಣದು ಮಾಡಿದ್ರ ಕೆಲಸ ನಿಧಾನ ಆಕ್ಕೈತಿ. ನಿಧಾನ ಆದ್ರ ಯಾರು ತಗೋತಾರ? ಗೀಟ ಎಳಿಯೂದು ನಿಮ್ಮ ಕೆಲಸ. ಯಂತ್ರ ನಂದು."

"ಗೀಟ ನನ್ನವ ಅದಾವಲ್ರಿ ಚಾಚಾ. ನಿನ್ನೆ ಇದ್ದದ್ದು ಒಂದ ಯಂತ್ರ. ನಾ ಈ ಹಾಳಿ ಕಳಿಸಿದ್ರ ಇದ ಬಾಯಿ ಇಪ್ಪತ್ತು ಯಂತ್ರಕ್ಕ ಹೊಕ್ಕೈತಿ."

ಅವರು ಬೆನ್ನು ತಿರುಗಿಸಿ ವೆಲ್ಡಿಂಗ್ ಮಾಡಲು ಹೋದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬಂದೆ. ಅವ್ವನಿಗೆ ಎಲ್ಲ ಹೇಳಿದೆ. ಅವಳು, "ಮತ್ತ ಅರ್ಜಿ ಹಾಕಾಕ ಚಾಲೂ ಮಾಡು," ಎಂದಳು. ಹಾಗೇ ಮಾಡಿದೆ.

ನಾಲ್ಕೈದು ದಿನ ಅವರ ಕಡೆಯಿಂದ ಮಾತಿಲ್ಲ. ಆಮೇಲೆ ಒಂದು ಸಂಜೆ ಮಳೆಯಲ್ಲಿ ಬಂದು ನಮ್ಮ ಬಾಗಿಲಲ್ಲಿ ನಿಂತರು. ಒಳಗೆ ಬರ್ರಿ ಎಂದರೂ ಬರಲಿಲ್ಲ. ಬಟ್ಟೆಯಿಂದ ನೀರು ಸುರಿಯುತ್ತಿತ್ತು.

"ಶಿಗ್ಲಿಗೆ ಹೋಗಿದ್ನಿ," ಎಂದರು. "ಆ ಹುಡುಗಿ ಎಡಗೈಲೆ ಉಣ್ಣಾಕತ್ತಿತ್ತು. ಯಾರೂ ನನಗ ಒಂದು ಮಾತು ಅನ್ನಲಿಲ್ಲ. ಚಾ ಕೊಟ್ರು. ಗಂಗವ್ವ ಒಂದ ಕೇಳಿದ್ಲು: ಸಾಬ್ರ, ನೀವು ಅದರ ಮುಂದ ಒಂದು ದಿನರ ಕುಂತೀರೇನ್ರಿ, ಅಂತ."

ಅವರು ಕುಳಿತಿರಲಿಲ್ಲ. ಯಂತ್ರ ಮಾಡಿದವರು ಯಾವಾಗಲೂ ಅದರ ಪಕ್ಕದಲ್ಲಿ, ಎಂಜಿನ್ ಹತ್ತಿರ ನಿಂತಿರುತ್ತಾರೆ. ಶಿಗ್ಲಿಯಿಂದ ಬಂದವರೇ ವರ್ಕ್‌ಶಾಪ್ ತೆಗೆದು, ಎಂಜಿನ್ ಹಚ್ಚದೆ, ಅದರ ಮುಂದೆ ಕುಳಿತು ಕೈ ಒಳಗೆ ಹಾಕಿ ಬೆರಳು ಎಲ್ಲಿಗೆ ಮುಟ್ಟುತ್ತವೆ ಎಂದು ನೋಡಿದ್ದರು.

"ಬಟ್ಟು ಹಲ್ಲಿಗೆ ತಾಗಿದ್ವು. ಕೈ ಚಾಚೂದೂ ಬೇಕಾಗಲಿಲ್ಲ, ಯವ್ವಾ."

ಅಲ್ಲೇ ನಿಂತು ಮುಂಡರಗಿಯ ಸಂಘದ ಬಸವರಾಜನಿಗೆ ಫೋನ್ ಮಾಡಿದರು. ಯಂತ್ರದಲ್ಲಿ ತಪ್ಪಿದೆ, ಸರಿ ಮಾಡಬೇಕು, ಇಪ್ಪತ್ತು ಆಗುವುದಿಲ್ಲ ಎಂದರು. ಆ ಕಡೆಯಿಂದ ಬಹಳ ಮಾತು ಬಂತು. ಇವರು "ಹೌದ್ರಿ, ಖರೆ ಐತ್ರಿ," ಎಂದಷ್ಟೇ ಹೇಳುತ್ತ ಹೋದರು. ಕೊನೆಗೆ ಸಂಘದವರು ಎಂಟು ಯಂತ್ರಕ್ಕೆ ಒಪ್ಪಿ, ಉಳಿದದ್ದನ್ನು ಬೇರೆ ಊರಿನವರಿಂದ ತರಿಸುವುದಾಗಿ ಹೇಳಿದರಂತೆ. ಫೋನ್ ಇಟ್ಟ ಮೇಲೆ ದಾವಲಸಾಬರು ತಲೆ ಒರೆಸಿಕೊಳ್ಳಲು ಟವೆಲ್ ಕೇಳಿದರು. ಒಳಗೆ ಬಂದು ಕುಳಿತದ್ದು ಆಗ.

ಆಮೇಲಿನದು ಆ ಮಳೆಗಾಲದ ನಿಜವಾದ ಕೆಲಸ. ಪ್ರಶ್ನೆ ಹೇಳಲು ಸುಲಭವಾಗಿತ್ತು: ಬಾಯಿಯೊಳಗೆ ಬಳ್ಳಿ ಹೋಗಬೇಕು, ಮುಷ್ಟಿ ಹೋಗಬಾರದು. ಬೆರಳು ಹೋದರೂ ಹಲ್ಲಿನವರೆಗೆ ಮುಟ್ಟಬಾರದು. ಅಂದರೆ ಬಾಯಿಯ ಮುಂದೆ ತಗಡಿನ ಒಂದು ಚಪ್ಪಟೆ ಕೊಳವೆ ಬೇಕು. ಅದು ಬಹಳ ಉದ್ದವಾದರೆ ಗಿಡ್ಡ ಬಳ್ಳಿಯ ಕಾಯಿ ಹಲ್ಲಿಗೆ ತಲುಪುವುದಿಲ್ಲ. ಬಹಳ ಗಿಡ್ಡವಾದರೆ ಬೆರಳು ತಲುಪುತ್ತದೆ. ಹಾಗಾದರೆ ಎಷ್ಟು? ಅದನ್ನು ಕಂಪ್ಯೂಟರ್ ಮುಂದೆ ಕುಳಿತು ಹೇಳಲು ಬರುವುದಿಲ್ಲ. ನಾನು ಟೇಪು ತೆಗೆದುಕೊಂಡು ಶಿಗ್ಲಿಗೆ ಹೋದೆ.

ಗಂಗವ್ವನ ಮನೆಯ ಕಟ್ಟೆಯ ಮೇಲೆ ಹೆಂಗಸರು ಸೇರಿದರು. ಒಬ್ಬೊಬ್ಬರ ಮುಷ್ಟಿಯ ದಪ್ಪ, ಬೆರಳಿನ ಉದ್ದ, ಮೊಣಕೈಯಿಂದ ತುದಿಬೆರಳಿನವರೆಗಿನ ಅಳತೆ ತೆಗೆದುಕೊಳ್ಳತೊಡಗಿದೆ. ಬಳೆ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ.

"ಏನವ್ವಾ, ಜಂಪರ ಹೊಲಿತಿಯೇನು?" ಎಂದು ಯಾರೋ ಕೇಳಿದರು.

"ನಮಗಲ್ಲಲೇ, ಯಂತ್ರಕ್ಕ ಹೊಲ್ಯಾಕತ್ತಾಳ," ಎಂದರು ಗಂಗವ್ವ. "ಅದಕ್ಕ ತೋಳು ಇರಲಿಲ್ಲಲ್ಲ."

ಅಲ್ಲಿಂದ ಅದಕ್ಕೆ ತೋಳು ಎಂಬ ಹೆಸರೇ ನಿಂತಿತು. ಡ್ರಾಯಿಂಗಿನಲ್ಲಿ ನಾನು 'ರಕ್ಷಣಾ ಕವಚ' ಎಂದು ಬರೆದಿದ್ದೆ. ಲೇತಿನವರು, ದಾವಲಸಾಬರು, ಕೊನೆಗೆ ಹುಬ್ಬಳ್ಳಿಯಲ್ಲಿ ತಗಡು ಕತ್ತರಿಸುವವರು ಸಹ ಫೋನಿನಲ್ಲಿ ತೋಳು ಎನ್ನುತ್ತಿದ್ದರು.

ಶಾಂತವ್ವ ಬ್ಯಾಂಡೇಜ್ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ದೂರ ಕುಳಿತಿದ್ದಳು. ಎಲ್ಲರದು ಮುಗಿದ ಮೇಲೆ ಎಡಗೈ ಮುಂದೆ ಚಾಚಿದಳು. ಅದನ್ನೂ ಅಳೆದೆ. "ನೋವು ಐತೇನು?" ಎಂದೆ. "ಮಳಿ ಬಂದ್ರ ಸೆಳಿತೈತ್ರಿ," ಎಂದಳು.

ಕಳಸಾಪುರಕ್ಕೂ ಹೋದೆ, ಶಿರಹಟ್ಟಿ ಕಡೆಯ ಎರಡು ಹಳ್ಳಿಗಳಿಗೂ ಹೋದೆ. ಎಲ್ಲರ ಅಳತೆಯ ಸರಾಸರಿ ತೆಗೆದರೆ ಆಗುವುದಿಲ್ಲ; ತೋಳಿನ ಉದ್ದಕ್ಕೆ ಎಲ್ಲಕ್ಕಿಂತ ಉದ್ದ ಬೆರಳು, ಬಾಯಿಯ ಅಗಲಕ್ಕೆ ಎಲ್ಲಕ್ಕಿಂತ ಸಣ್ಣ ಕೈಯೇ ಅಳತೆ. ಆ ಮುಷ್ಟಿ ಹೋಗದಿದ್ದರೆ ಯಾರದೂ ಹೋಗುವುದಿಲ್ಲ. ಅಂಥ ಕೈ ಸಿಕ್ಕಿದ್ದು ಕಳಸಾಪುರದ ನೀಲವ್ವನದು. ಅವರು ಕುಳ್ಳಗಿನ, ಚುರುಕಿನ ಮುದುಕಿ. ವಿಷಯ ತಿಳಿದ ಮೇಲೆ ಬಂದವರಿಗೆಲ್ಲ ಮುಷ್ಟಿ ತೋರಿಸಿ, "ಈ ಕೈಮ್ಯಾಲ ಯಂತ್ರಾ ಮಾಡಾಕತ್ತಾರ," ಎನ್ನುತ್ತಿದ್ದರಂತೆ.

ಆಷಾಢದ ಗಾಳಿಯಲ್ಲಿ ರಟ್ಟಿನಿಂದ ತೋಳು ಮಾಡಿ ಯಂತ್ರಕ್ಕೆ ಕಟ್ಟಿ ನೋಡಿದೆವು. ರಟ್ಟು ಹಾರಿಹೋಯಿತು. ತಗಡಿನಿಂದ ಮಾಡಿದೆವು. ಶೇಂಗಾ ಇನ್ನೂ ಹೊಲದಲ್ಲಿ ಹೂ ಬಿಡುತ್ತಿತ್ತು, ಕೀಳಲು ಬರುವಂತಿರಲಿಲ್ಲ. ಹುರುಳಿ ಬಳ್ಳಿ, ಹುಲ್ಲಿನ ಸಿವುಡು ಕೊಟ್ಟು ನೋಡಿದೆವು. ದಾವಲಸಾಬರು ದಿನವೂ ಯಂತ್ರದ ಮುಂದೆ ತಾವೇ ಕುಳಿತರು. ಕುಳಿತವರಿಗೆ ಬೆನ್ನು ನೋಯುತ್ತದೆ ಎಂದು ಬಾಯಿಯನ್ನು ಸ್ವಲ್ಪ ಮೇಲೆತ್ತಿಸಿದರು. ಎಂಜಿನ್ನಿನ ಬೆಲ್ಟು ತಿರುಗುವ ಕಡೆಗೆ ಸೆರಗು ಹಾರದಂತೆ ಒಂದು ತಗಡು ಸೇರಿಸಿದರು. ಅವರು ಒಂದು ಬದಲಾವಣೆ ಹೇಳಿದಾಗಲೆಲ್ಲ ನನ್ನ ಹಾಳೆಗಳು ಬದಲಾಗುತ್ತಿದ್ದವು. ಹಳೆಯ ಹಾಳೆಯ ಮೇಲೆ ಅಡ್ಡಗೀಟು ಎಳೆದು ರದ್ದು ಎಂದು ಬರೆಯುವುದು ಅವರ ಕೆಲಸ. ಅದನ್ನು ಅವರು ಬಹಳ ಪ್ರೀತಿಯಿಂದ ಮಾಡುತ್ತಿದ್ದರು.

ಶ್ರಾವಣದಲ್ಲಿ ಗಂಗವ್ವ ಮತ್ತು ನಾಲ್ಕು ಹೆಂಗಸರನ್ನು ಗದಗಿಗೆ ಕರೆಸಿದೆವು. ಅವರು ಯಂತ್ರದ ಮುಂದೆ ಕುಳಿತು ನೋಡಿದರು. ಮುಷ್ಟಿ ಒಳಗೆ ಹೋಗಲಿಲ್ಲ. ಚಾ ಕುಡಿಯುವಾಗ ಗಂಗವ್ವ ಲೋಟ ಕೆಳಗಿಟ್ಟು, "ಒಂದು ಮಾತು ಕೇಳ್ತೀನ್ರಿ ಸಾಬ್ರ," ಎಂದರು. "ಇದು ಬಂತಂದ್ರ ನಾವು ಇಪ್ಪತ್ತು ಮಂದಿ ಮಾಡೂ ಕೆಲಸಾ ನಾಲ್ಕು ಮಂದಿ ಮಾಡ್ತಾರ. ಉಳದಾಕಿಗೋಳು ಏನ ಮಾಡಬೇಕ್ರಿ?"

ಈ ಪ್ರಶ್ನೆ ಎಂದಾದರೂ ಬರುತ್ತದೆ ಎಂದು ನನಗೆ ಗೊತ್ತಿತ್ತು. ದಾವಲಸಾಬರು ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡರು.

"ಕೆಲಸಾ ಕಮ್ಮಿ ಆಕ್ಕಾವ," ಎಂದರು. "ನಿನಗ ಸುಳ್ಳು ಹೇಳೂದಿಲ್ಲವ್ವಾ. ನಾ ಮಾಡದಿದ್ರೂ ಇನ್ನೊಬ್ಬಾಂವ ಮಾಡ್ತಾನ."

"ಅದು ನನಗೂ ಗೊತ್ತೈತ್ರಿ. ಹಂಗಾರ ಇದರ ಮುಂದ ಕುಂಡ್ರಾಕ ನಮ್ಮನ್ನ ಕರೀಬೇಕು ಅಂತ ನಿಮ್ಮ ಪುಸ್ತಕದಾಗ ಬರೀರಿ."

ಹಾಗೆ ಬರೆಯಲು ಬರುವುದಿಲ್ಲ ಎಂದು ನಾನು ಹೇಳಿದೆ. ಗಂಗವ್ವ ತಲೆಯಾಡಿಸಿ ಲೋಟ ಎತ್ತಿಕೊಂಡರು. ಆದರೆ ಆ ವಾರ ಯಂತ್ರ ನಡೆಸುವ ಕ್ರಮ ಬರೆಯುತ್ತಿರುವಾಗ, 'ಬಳ್ಳಿ ಕೊಡಲು ತರಬೇತಿ ಪಡೆದವರನ್ನೇ ಕೂಡಿಸಬೇಕು' ಎಂಬ ಸಾಲನ್ನು ಮೊದಲನೆಯದಾಗಿ ಹಾಕಿದೆ. ತರಬೇತಿ ಯಾರಿಗೆ ಎಂದು ಬಸವರಾಜ ಫೋನ್ ಮಾಡಿ ಕೇಳಿದ. ಶಿಗ್ಲಿ, ಕಳಸಾಪುರದ ಹೆಂಗಸರ ಹೆಸರು ದಾವಲಸಾಬರು ಬಾಯಿಪಾಠದಂತೆ ಹೇಳಿದರು.

ಆ ಪುಸ್ತಕವನ್ನು ಮೊದಲು ನಾನು ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಬರೆದಿದ್ದೆ. ಶಿಗ್ಲಿಯಲ್ಲಿ ಓದಿ ಹೇಳಿದೆ: 'ಚಾಲನೆಯಲ್ಲಿರುವಾಗ ಆವರಣವನ್ನು ತೆರೆಯತಕ್ಕದ್ದಲ್ಲ.'

"ಇದು ಯಾರಿಗೆ ಬರ್ದೀರಿ?" ಎಂದು ಶಾಂತವ್ವ ಕೇಳಿದಳು. ಆ ದಿನ ಅವಳ ಬ್ಯಾಂಡೇಜ್ ಬಿಚ್ಚಿದ್ದರು.

"ನಿಮಗ."

"ಹಂಗಾರ ಗಾಲಿ ತಿರಗೂ ಮುಂದ ತೋಳು ಬಿಚ್ಚಬ್ಯಾಡ್ರಿ ಅಂತ ಬರೀರಲ್ಲ."

ಹಾಗೇ ಬರೆದೆ. 'ತೊಯ್ದ ಬಳ್ಳಿ ಸುತ್ತಿಕೊಂಡರೆ ಎಳೆಯಬೇಡಿ, ಕೈ ಬಿಡಿ. ಹೋದರೆ ಬಳ್ಳಿ ಹೋಗಲಿ' ಎಂಬ ಸಾಲು ಸಹ ಅವಳದು. ಅದನ್ನು ಹೇಳುವಾಗ ಅವಳು ನಮ್ಮ ಕಡೆ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯಿಂದ ತಗಡು ಬಂತು, ಲೇತಿನಿಂದ ದಂಡಗಳು ಬಂದವು. ಮೊದಲ ಯಂತ್ರ ಜೋಡಿಸುವಾಗ ದಾವಲಸಾಬರು ಸುತ್ತಿಗೆಯನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಎಡದ ತಗಡಿನ ಮೇಲೆ ಬಲದ ತಗಡು ಇಟ್ಟರು. ತೂತಿಗೆ ತೂತು ಕೂಡಿತು. ಒಂದು ಬೋಲ್ಟು ತೆಗೆದುಕೊಂಡು ತೂತಿನ ಮೇಲೆ ಹಿಡಿದು ಬಿಟ್ಟರು. ಅದು ತಾನೇ ಇಳಿದು ಕೆಳಗಿನ ತಟ್ಟೆಯಲ್ಲಿ ಟಣ್ ಎಂದು ಬಿತ್ತು. ಅದನ್ನು ಎತ್ತಿಕೊಂಡು ಇನ್ನೊಮ್ಮೆ ಬಿಟ್ಟರು. ಪಕ್ಕದ ವರ್ಕ್‌ಶಾಪಿನವರನ್ನು ಕರೆದು ಅವರ ಮುಂದೆ ಮತ್ತೆ ಬಿಟ್ಟರು. ಸುತ್ತಿಗೆಗೆ ಆ ದಿನ ಕೆಲಸ ಇರಲಿಲ್ಲ. ನನಗೂ ಸಂತೋಷವಾಯಿತು.

ಅಕ್ಟೋಬರಿನಲ್ಲಿ ಶೇಂಗಾ ಕೀಳತೊಡಗಿದರು. ಎಂಟು ಯಂತ್ರಗಳು ಹೋದವು. ಮುಂಡರಗಿ ಸಂಘದವರು ಶಿರಹಟ್ಟಿ ಹತ್ತಿರದ ಒಂದು ದೊಡ್ಡ ಹೊಲದಲ್ಲಿ ಮೊದಲ ವಾರ ಗಂಗವ್ವನ ತಂಡವನ್ನೇ ಕೂಡಿಸಿದರು. ಹೊಲ ಶೇಖರಗೌಡ ಎಂಬುವವರದು. ಒಂದು ದಿನ ಯಂತ್ರ ಹೇಗೆ ನಡೆಯುತ್ತಿದೆ ಎಂದು ಬರೆದುಕೊಳ್ಳಲು ಬೆಳಗಿನ ಬಸ್ಸಿಗೆ ನಾನು ಅಲ್ಲಿಗೆ ಹೋದೆ. ದಾವಲಸಾಬರಿಗೆ ಜ್ವರ, ಬಂದಿರಲಿಲ್ಲ.

ದೂರದಿಂದ ಎಂಜಿನ್ ಸದ್ದು ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಹತ್ತಿರ ಹೋದರೆ ಕಿತ್ತ ಬಳ್ಳಿ ಹೊಲದ ತುಂಬ ಗುಡ್ಡೆ ಗುಡ್ಡೆ ಬಿದ್ದಿದೆ, ಯಂತ್ರ ನಿಂತಿದೆ, ಹೆಂಗಸರು ಬದುವಿನ ಮೇಲೆ ಸಾಲಾಗಿ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾರೆ. ಯಂತ್ರದ ಬಾಯಿ ಬೋಳಾಗಿತ್ತು. ತೋಳು ಒಂದು ಕಡೆ ಮಣ್ಣಿನಲ್ಲಿ ಬಿದ್ದಿತ್ತು.

ಗೌಡರು ಬೋಲ್ಟು ಬಿಚ್ಚುವ ಪಾನಾ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ನೋಡಿ, "ಬರ್ರಿ, ನೀವರ ಹೇಳ್ರಿ ಇವರಿಗೆ," ಎಂದರು. "ಆ ತಗಡು ತಗದ್ರ ಎರಡು ಪಟ್ಟು ಬಳ್ಳಿ ಹಿಡಿತೈತಿ. ಮ್ಯಾಲ ನೋಡ್ರಿ, ಮಳಿ ಬರಾಕತ್ತೈತಿ. ತೊಯ್ದ್ರ ಕಾಯಿ ಕರ್ರಗ ಆಗಿ ಹೊಕ್ಕಾವ. ಇವರು ನೋಡಿದ್ರ ಕುಂತು ಬಿಟ್ಟಾರ."

ಪಶ್ಚಿಮದಲ್ಲಿ ಮೋಡ ನಿಜವಾಗಿಯೂ ಕಟ್ಟಿತ್ತು. ಅವರ ಅವಸರ ಸುಳ್ಳಲ್ಲ. ನಾನು ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗಂಗವ್ವ ಕುಳಿತಲ್ಲಿಂದಲೇ ಮಾತಾಡಿದರು.

"ಆ ಹುಡುಗಿಗೆ ಯಾಕ ತ್ರಾಸ ಕೊಡ್ತೀರಿ ಗೌಡ್ರ? ಆಕಿ ಚಿತ್ರಾ ತಗದು ಕೊಟ್ಟಾಳ, ಆಕಿ ಕೆಲಸಾ ಆತು. ತೋಳು ಹಚ್ರಿ, ನಾವು ಏಳ್ತೀವಿ. ಹಚ್ಚಲಿಲ್ಲಂದ್ರ ಹಿಂಗ ಬದುವಿನ ಮ್ಯಾಲ ಕುಂತು ಕೈಲೆ ಹರೀತೀವಿ. ಮಳಿ ಬರೂದರಾಗ ಎಷ್ಟ ಆಕ್ಕೈತೋ ಅಷ್ಟು."

"ಬ್ಯಾರೆ ಮಂದಿನ್ನ ಕರಸ್ತೀನಿ."

"ಕರಸ್ರಿ. ಪುಸ್ತಕದಾಗ ಮೊದಲನೇ ಸಾಲಿನ್ಯಾಗ ಏನೈತಿ ಓದ್ರಿ. ಕಲತಾಕಿಗೋಳು ನಾವ ಅದೀವಿ."

ಶಾಂತವ್ವ ಬದುವಿನ ಮೇಲೆ ಕುಳಿತವರ ನಡುವೆ ಇದ್ದಳು. ಬಲಗೈಯನ್ನು ಮೊಣಕಾಲ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡು ಕುಳಿತಿದ್ದಳು. ಗೌಡರ ಕಣ್ಣು ಅದರ ಮೇಲೆ ಹೋಯಿತು. ಗಾಯದ ಗುರುತು ಎಲ್ಲರಿಗೂ ಕಾಣುವಂತಿತ್ತು. ಅವರು ಮೋಡವನ್ನೊಮ್ಮೆ ನೋಡಿದರು, ಆಮೇಲೆ ನೆಲ ನೋಡುತ್ತ ಬಗ್ಗಿದರು. ಬಿಚ್ಚುವಾಗ ಬೋಲ್ಟುಗಳನ್ನು ಎಲ್ಲೆಂದರಲ್ಲಿ ಎಸೆದಿದ್ದರು. ಎರೆಹೊಲದಲ್ಲಿ ಬೋಲ್ಟು ಬಿದ್ದರೆ ಸಿಗುವುದಿಲ್ಲ. ಸ್ವಲ್ಪ ಹೊತ್ತು ಗೌಡರು ಪಾನಾದಿಂದ ಮಣ್ಣು ಕೆದಕುತ್ತ ಹುಡುಕಿದರು. ನಾನೂ ಹುಡುಕಿದೆ.

ಗಂಗವ್ವ ನೋಡುವಷ್ಟು ನೋಡಿ, ಎದ್ದು ಬಂದು, ಸೊಂಟದ ಸಂಚಿ ಬಿಚ್ಚಿದರು. ಅಡಿಕೆ, ಸುಣ್ಣದ ಡಬ್ಬಿಯ ನಡುವೆ ನಾಲ್ಕೂ ಬೋಲ್ಟು ಇದ್ದವು. ಗೌಡರು ಎಸೆಯುತ್ತಿದ್ದಂತೆ ಇವರು ಆರಿಸಿಕೊಂಡಿದ್ದರು.

"ತಗೋರಿ," ಎಂದರು. "ಜಲ್ದಿ ಹಚ್ರಿ."

ಗೌಡರು ಹಚ್ಚಿದರು. ಗಂಗವ್ವ ಪ್ರತಿಯೊಂದನ್ನೂ ಕೈಯಿಂದ ತಿರುವಿ ಬಿಗಿಯಾಗಿದೆಯೇ ಎಂದು ನೋಡಿದರು. ಎಂಜಿನ್ ಶುರುವಾಯಿತು. ನಾಲ್ವರು ಯಂತ್ರದ ಮುಂದೆ ಕುಳಿತರು, ಉಳಿದವರು ಬಳ್ಳಿ ತಂದು ಕೊಡತೊಡಗಿದರು. ಗೋಡೆಯಂತೆ ಏರಿದ ಮೋಡ ಮಧ್ಯಾಹ್ನದವರೆಗೆ ಅಲ್ಲೇ ನಿಂತು, ಸಂಜೆ ಸುರಿಯಿತು. ಅಷ್ಟರಲ್ಲಿ ಮುಕ್ಕಾಲು ಹೊಲದ ಕಾಯಿ ಒಳಗೆ ಸೇರಿತ್ತು. ಉಳಿದ ಕಾಲು ಭಾಗ ತೊಯ್ದಿತು.

ಬಸ್ಸಿಗೆ ಕಾಯುವಾಗ ಶಿರಹಟ್ಟಿಯಿಂದ ದಾವಲಸಾಬರಿಗೆ ಫೋನ್ ಮಾಡಿದೆ. ದನಿ ಸೋತಿತ್ತು.

"ಯಂತ್ರ ಹೆಂಗ ನಡದೈತಿ, ಯವ್ವಾ?"

"ಚಲೋ ನಡದೈತ್ರಿ, ಚಾಚಾ."

"ತೋಳು?"

"ಐತ್ರಿ."

"ಮಧ್ಯಾಹ್ನದ ಊಟಾ ಮಾಡಿಯೇನು?" ಎಂದು ಕೇಳಿದರು. ಮಾಡಿರಲಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ನನಗೆ ಆಗಷ್ಟೇ ನೆನಪಾಯಿತು.